ಬಡವರ ಪೆಟ್ಟಿಗೆಯ ಹೆಲ್ಲರ್

ಬೆಳಗಿನ ಪೂಜೆಗೆ ಬಂದವರು ನೋಡಿದಾಗ ಇಗರ್ಜಿಯಲ್ಲಿ ಕಾಣಿಕೆ ಹಾಕುವ ಬಡವರ ಪೆಟ್ಟಿಗೆ ಒಡೆದು ಬಿದ್ದಿತ್ತು. ಒಳಗೆ ಒಂದು ಹೆಲ್ಲರ್ ನಾಣ್ಯವೂ ಉಳಿದಿರಲಿಲ್ಲ.

ಮಧ್ಯಾಹ್ನದೊಳಗೆ ಕಳ್ಳಿ ಸಿಕ್ಕಳು—ಪಾದ್ರಿ ಎಬರ್ವಿನ್ನರ ಮನೆಗೆಲಸದ ವಾಲ್ಬುರ್ಗ. ಅವಳ ಹುಲ್ಲಿನ ಹಾಸಿಗೆಯೊಳಗೆ ದುಡ್ಡಿನ ಚೀಲ ಕಂಡದ್ದು ಪಾದ್ರಿಗಳಿಗೇ. ದೇವರ ದುಡ್ಡು ಕದ್ದರೆ ಬಿಷಪ್ಪರೇ ಆಳುವ ನಮ್ಮ ಊರಿನಲ್ಲಿ ಕೈ ಕಡಿಯುತ್ತಾರೆ.

ಊರಿನ ತನಿಖೆಯ ಕೆಲಸ ನನ್ನಪ್ಪ ಗೊಟ್‌ಶಾಲ್ಕನದು. ಹೆಂಗಸಿನ ಮೈ ತಡಕಲು ಹೆಂಗಸೇ ಬೇಕೆಂದು ಪಾದ್ರಿಗಳ ಮನೆಗೆ ನನ್ನನ್ನೂ ಕರೆದೊಯ್ದ. ತಡಕಿದೆ. ಅವಳು ಬಸುರಿ ಎಂದು ನನ್ನ ಕೈಗೆ ತಿಳಿಯಿತು. ಅಪ್ಪನ ಕಿವಿಯಲ್ಲಿ ಹೇಳಿದೆ.

"ಯಾರದಮ್ಮಾ?" ಅಪ್ಪ ಕೇಳಿದ.

ಅವಳು ಪಾದ್ರಿಗಳ ಕಡೆ ನೋಡಿ ತಲೆ ತಗ್ಗಿಸಿದಳು.

"ಕಳ್ಳಿಯ ಮಾತು ಬೇರೆ ಕೇಳ್ತೀಯಾ?" ಎಂದರು ಪಾದ್ರಿಗಳು.

ಅಪ್ಪ ಚೀಲ ಸುರಿದ. ಎಲ್ಲವೂ ಹೊಸ ಹೆಲ್ಲರ್—ಈಗಿನ ಬಿಷಪ್ಪರ ಮುದ್ರೆ, ಥಳಥಳ ಹೊಳಪು. ಆಮೇಲೆ ಬಾಗಿಲಲ್ಲಿ ಮುತ್ತಿದ್ದ ಜನರತ್ತ ತಿರುಗಿದ.

"ಅಪೊಲೋನಿಯಕ್ಕಾ, ಹೋದ ಭಾನುವಾರ ಪೆಟ್ಟಿಗೆಗೆ ಏನು ಹಾಕಿದೆ?"

ರೊಟ್ಟಿ ಅಂಗಡಿಯ ವಿಧವೆ ಕೆರಳಿದಳು. "ಏನೋ ಹಾಕ್ದೆ. ನಿಂಗ್ಯಾಕೆ?"

"ಹೊಸ ಹೆಲ್ಲರಾ? ಹೇಳಕ್ಕಾ. ಇವಳ ಕೈ ಹೋಗುತ್ತೆ."

"ಸತ್ತ ಬಿಷಪ್ಪರ ಮುದ್ರೆಯದು ಹಾಕ್ದೆ, ಸಾಕಾ? ಯಾರೋ ಕಣ್ತಪ್ಪಿಸಿ ಕೊಟ್ಟಿದ್ದು. ಸಂತೇಲಿ ಈಗ ನಡೆಯಲ್ಲ, ಇನ್ನೇನು ಮಾಡ್ಲಿ? ನೀನೇನು ಚಿನ್ನ ಹಾಕ್ತೀಯೋ?"

"ನಾನೂ ನಡೆಯದ್ದೇ ಹಾಕೋದು," ಎಂದ ಅಪ್ಪ. "ಒಳ್ಳೇ ಹೆಲ್ಲರ್ ಹಾಕಿದೋರು ಯಾರಾದ್ರೂ ಇದ್ರೆ ಕೈ ಎತ್ತಿ."

ಒಂದು ಕೈಯೂ ಏಳಲಿಲ್ಲ.

"ಹಾಗಾದ್ರೆ ಈ ದುಡ್ಡು ಪೆಟ್ಟಿಗೇದಲ್ಲ. ಬಡವರಿಗೆ ನಾವು ಎಂಥದ್ದು ಕೊಡ್ತೀವಿ ಅಂತ ಗೊತ್ತಿಲ್ಲದೋರು ಈ ಊರಲ್ಲಿ ಒಬ್ಬರೇ—ಈ ಚಳಿಗಾಲದಲ್ಲಿ ದೊಡ್ಡ ಮನೆತನದಿಂದ ಬಂದ ನೀವು. ಮೊದಲು ಹಾಸಿಗೇಲಿ ಚೀಲ ಇಟ್ರಿ, ಆಮೇಲೆ ಪೆಟ್ಟಿಗೆ ಒಡೆದ್ರಿ. ಒಳಗಿನ ಹಳೇ ದುಡ್ಡು ನೋಡಿದಾಗ ಚೀಲದ್ದು ಬದಲಾಯಿಸೋಕಾಗಲಿಲ್ಲ, ಅವಳು ಅದರ ಮೇಲೇ ಮಲಗಿದ್ಲು. ಇವಳು ಕಳ್ಳಿ ಆದ್ರೆ ಮಗು ಯಾರದು ಅಂದ್ರೂ ಯಾರೂ ನಂಬಲ್ಲ. ಅಲ್ವಾ ಸ್ವಾಮಿ?"

ಪಾದ್ರಿಗಳು ನಿಲುವಂಗಿ ಕೊಡವಿಕೊಂಡರು. "ನನ್ನ ವಿಚಾರಣೆ ಬಿಷಪ್ಪರು ಮಾಡ್ತಾರೆ. ನೀನಲ್ಲ."

ಅದು ನಿಜ. ಅವರು ಸಂಜೆಯ ಪೂಜೆಗೆ ಹೊರಟರು. ಜನ ದಾರಿ ಬಿಟ್ಟರು. ಕೆಲವರು ಟೊಪ್ಪಿಗೆಯನ್ನೂ ತೆಗೆದರು.

ವಾಲ್ಬುರ್ಗಳ ಕೈಕಟ್ಟು ಬಿಚ್ಚಿದೆ. ಮಣಿಕಟ್ಟು ತಿಕ್ಕಿಕೊಳ್ಳುತ್ತಾ ಕೇಳಿದಳು: "ಅಕ್ಕಾ, ನಾನೀಗ ಎಲ್ಲಿಗೆ ಹೋಗ್ಲಿ?"

ಅಪ್ಪನ ಮುಖ ನೋಡಿದೆ. ಅಪ್ಪ ಕಿಟಕಿಯ ಹೊರಗೆ ನೋಡುತ್ತಿದ್ದ.