ಬಡಿಗಿ ಗುರ್ತಿಲ್ಲದ ಬಟನ್

ಮಂಗಳವಾರ ಮುಂಜಾನಿ ಹನ್ನೊಂದಕ್ಕ ಕರುಣಾ ಠಾಣೆಗಿ ಬಂದಳು. ಸೆರಗಿನ ತುಂಬ ಫರ್ಸಿ ಕಲ್ಲಿನ ಧೂಳು. ಅಳಲಿಲ್ಲ, ಕುಂದರಲಿಲ್ಲ.

“ನನ್ನ ಗಂಡನ್ನ ಸಂಘಪಾಲ ಕೊಂದಾನ್ರಿ. ಬಟನ್ ಎರಡು ಸಲ ಒತ್ಯಾನ. ಬರ್ಕೋರಿ.”

ಪಿಎಸ್ಐ ಭಾಗ್ಯಶ್ರೀ ಎಫ್ಐಆರ್ ಬರ್ಕೊಂಡಳು. ಶಹಾಬಾದ ಹೊರಗ ಒಂದು ಫರ್ಸಿ ಪಾಲಿಶ್ ಕಾರ್ಖಾನಿ. ಅಲ್ಲಿ ಕಲ್ಲು ಎತ್ತೋ ಮಷಿನ್ನಿಗಿ ನಿಲ್ಲಿಸಲಿಕ್ಕೂ ಇಳಸಲಿಕ್ಕೂ ಇರೋದು ಒಂದೇ ಬಟನ್ ನೋಡ್ರಿ. ಒಮ್ಮಿ ಒತ್ತಿದ್ರ ನಿಂದರ್ತದ. ಲಗೂನ ಎರಡು ಸಲ ಒತ್ತಿದ್ರ ಇಳೀತದ. ಅವತ್ತು ಮುಂಜಾನಿ ಕಲ್ಲು ಮ್ಯಾಲ ಹೋಗಿತ್ತು, ಕರುಣಾನ ಗಂಡ ಭೀಮಶ್ಯಾ ಬುಡಕ್ಕ ಕಟ್ಟಿಗಿ ಇಡ್ಲಿಕ್ಕ ಬಗ್ಗಿದ್ದ. ನಿಲ್ಲಿಸಬೇಕಂತ ಸಂಘಪಾಲ ಒತ್ತಿದ. ಕಲ್ಲು ನಿಲ್ಲಲಿಲ್ಲ, ಇಳೀತು.

ಪಂಚನಾಮಾ ಆಯ್ತು. ಬಟನ್ ಸಮೇತ ಮಷಿನ್ನಿನ ಡಬ್ಬಿ ಜಪ್ತಿ ಮಾಡಿದ್ರು. ಕಾನ್‌ಸ್ಟೇಬಲ್ ಚಾಂದ್ ಠಾಣೆಯೊಳಗ ಕುಂತು ಬೆರಳು ನೋಯೋತನಕ ಒತ್ತಿ ನೋಡ್ದ. ಒಮ್ಮಿ ಒತ್ತಿದ್ರ ಡಬ್ಬಿ ಮ್ಯಾಲ ನಿಲ್ಲೋ ದೀಪ ಹತ್ತತಿತ್ತು, ಎರಡು ಸಲ ಒತ್ತಿದ್ರ ಇಳಿಯೋ ದೀಪ. ಒಮ್ಮೀನೂ ತಪ್ಪಲಿಲ್ಲ.

“ಡಬ್ಬಿ ನೆಟ್ಟಗದ ರೀ ಮೇಡಂ. ಮನಷಾನೇ ಸೊಟ್ಟಗದಾನ.”

ಸಂಘಪಾಲ ಲಾಕಪ್ಪಿನಾಗ. ಜಾಮೀನಿಗಿ ಅವನ ಓಣಿಯವರು ಒಬ್ಬರೂ ಬರಲಿಲ್ಲ. ಮಧ್ಯಾನ್ಹ “ಒಂದೇ ಸಲ ಒತ್ತೀನ್ರಿ” ಅಂದಾವ, ಸಂಜಿಗಿ ಬ್ಯಾರೆನೇ ಮಾತು ತಗದ. “ಎರಡು ಸಲ ಒತ್ತಿರಬೇಕು ರೀ. ಎಲ್ಲಾರೂ ಅದನ್ನೇ ಅಂತಾರಂದ್ರ ನನ್ನ ಕೈ ಮ್ಯಾಲ ನಾನರೆ ಹ್ಯಾಂಗ ನಂಬಿಕಿ ಇಡ್ಲಿ?” ಅಂದು ಮತ್ತ ಗ್ವಾಡಿ ಕಡಿ ತಿರುಗಿದ. ಮುಷ್ಟಿ ಕಟ್ಟಿ ಗ್ವಾಡಿಗಿ ಕುಕ್ಕೋದು, ನಿಲ್ಲೋದು, ಕುಕ್ಕೋದು.

ಭಾಗ್ಯಶ್ರೀ ಅದನ್ನೇ ನೋಡಾಕತ್ತಿದ್ದಳು. “ಬಟನ್ ಬೆರಳಲೆ ಒತ್ತತಾರ. ನೀ ಯಾಕ ಮುಷ್ಟಿ ಹಿಡದಿ?”

“ಬೆರಳಲೆ ಯಾರ್ ಒತ್ತತಾರ್ರಿ? ಪಾಲಿಶ್ ನೀರಿಗಿ ಕೈ ಹಸಿ ಇರ್ತಾವ, ಕರೆಂಟ್ ಹೊಡದೀತಂತ ಅಂಜಿಕಿ. ನಾವೆಲ್ಲಾ ಮುಷ್ಟಿಯಾಗ ಬಡಿಗಿ ಹಿಡದು ತುದೀಲೆ ಕುಕ್ಕತೀವಿ. ಮಷಿನ್ ಬಂದಾಗಿಂದ ಹಂಗೇ.”

ಅಕಿ ಡಬ್ಬಿ ತರಿಸಿ ದೀಪದ ಕೆಳಗ ಹಿಡದಳು. ಡಬ್ಬಿ ಮ್ಯಾಲ ಕಲ್ಲಿನ ರಾಡಿ ಒಣಗಿ ಗಟ್ಟಿಯಾಗಿತ್ತು. ಬಟನ್ ಮಾತ್ರ ಲಕಲಕ. ಬಡಿಗಿ ಕುಕ್ಕಿದ ಗುರ್ತು ಒಂದೂ ಇಲ್ಲ.

ಮರುದಿನ ಚಿತ್ತಾಪುರದಿಂದ ತಾರೀಕ ಅನ್ನಾವನ್ನ ಕರೆಸಿದ್ಳು. ಆ ಡಬ್ಬಿಗಿ ಪ್ರೋಗ್ರಾಂ ಬರೆದಾವ ಅವನೇ. ಅವಾ ಚಾಂದನ ಊಟದ ತಾಟು ತಗೊಂಡು ನೆಲಕ್ಕ ಬಿಟ್ಟ. ತಾಟು ಠಣ್ ಅಂತ ಬಿದ್ದು ಗಿರಗಿರ ನಡಗಿ ಸುಮ್ನಾಯ್ತು.

“ಬಿದ್ದಿದ್ದು ಒಮ್ಮಿ, ಸಪ್ಪಳ ಎಷ್ಟು? ಬಟನ್ ಒಳಗಿನ ತಗಡಿನ ಪತ್ರಿನೂ ಹಂಗೇ ನಡಗ್ತದ. ನಡಗೋದು ನಿಲ್ಲೋತನಕ ಕಾಯಿ, ಆಮ್ಯಾಲ ಎಣಸು ಅಂತ ಪ್ರೋಗ್ರಾಂನಾಗ ಹಾಕೀನಿ. ಡಿಬೌನ್ಸ್ ಅಂತಾರ ಅದಕ್ಕ. ಬಟನ್ ಸವದ್ರ ನನ್ನ ಕಾಯೋ ಹೊತ್ತು ಸಾಲಂಗಿಲ್ಲ, ಒಮ್ಮಿ ಒತ್ತಿದ್ದು ಎರಡಾಗ್ತದ. ಬದಲಿ ಮಾಡ್ರಿ ಅಂತ ಮ್ಯಾನೇಜರ್ ಅಂಬರಾಯಗ ಹೇಳಿದ್ದೆ.”

“ನನ್ನ ತಾಟಿಗಿ ತೆಗ್ಗು ಬಿತ್ತು,” ಅಂದ ಚಾಂದ್.

ಅಂಬರಾಯನ್ನ ಭಾಗ್ಯಶ್ರೀ ಕರದು ಎದುರಿಗಿ ಕುಂದರಿಸಿದಳು.

“ಬಟನ್ ಯಾವಾಗ ಬದಲಿ ಮಾಡ್ದಿ?”

“ಮಾಡಿಲ್ರಿ.”

“ಹಂಗಾದ್ರ ಬಡಿಗಿ ಗುರ್ತು ಎಲ್ಲದ?”

ಅವಾ ಅಂಗಿ ಕಿಸೆದಾಗಿನ ತಂಬಾಕಿನ ಡಬ್ಬಿ ತಗದು ಟೇಬಲ್ ಮ್ಯಾಲ ಇಟ್ಟ. ಒಳಗ ಹಳೀ ಬಟನ್, ನಡುವ ತೆಗ್ಗು.

“ನೀವು ಬರೋದರೊಳಗ ಬದಲಿ ಮಾಡ್ದೆ ರೀ. ಇದನ್ನ ಒಗೀಬೇಕಂತ ಹಳ್ಳದ ತನಕ ಹೋಗಿದ್ದೆ. ಕೈ ಬಿಡಲಿಲ್ಲ.”

ಎರಡನೇ ಪಂಚನಾಮಾಕ್ಕ ಕರುಣಾನೂ ಠಾಣೆಗಿ ಬಂದಳು. ತಾರೀಕ ಹಳೀ ಬಟನ್ ಜೋಡಿಸಿದ. ಬಡಿಗಿ ಕರುಣಾನೇ ಇಸ್ಕೊಂಡು ಒಮ್ಮಿ ಕುಕ್ಕಿದ್ಳು. ನಿಲ್ಲೋ ದೀಪ ಹತ್ತಿತು. ಮತ್ತೊಮ್ಮಿ ಕುಕ್ಕಿದ್ಳು, ನಿಲ್ಲೋ ದೀಪ. ಮೂರನೇದಕ್ಕ ಇಳಿಯೋ ದೀಪ ಹತ್ತಿತು. ಬಡಿಗಿ ಕೆಳಗಿಟ್ಟು ಲಾಕಪ್ಪಿನ ಸಳಿ ಹತ್ತರ ಹೋದಳು.

“ಅಣ್ಣಾ, ನಿನ್ನಿಯಿಂದ ಏನರೆ ತಿಂದಿಯೇನು?”

ಸಂಘಪಾಲನ ಮಾರಿ ತಿರುಗಲಿಲ್ಲ. ಕುಕ್ಕೋ ಮುಷ್ಟಿ ಅಷ್ಟೇ ನಿಂತಿತು.

ಬುಧವಾರ ಸಂಜಿಗಿ ಸಂಘಪಾಲನ್ನ ಬಿಟ್ರು, ಅಂಬರಾಯನ ಅರೆಸ್ಟ್ ಆಯ್ತು. ವಾರದ ಹಿಂದ ಅವನ ಕಣ್ಣಮುಂದನೇ ಒಮ್ಮಿ ಒತ್ತಿದ್ದಕ್ಕೇ ಕಲ್ಲು ಇಳಿದಿತ್ತು. ಬದಲಿ ಮಾಡೋದು ಅರ್ಧ ತಾಸಿನ ಕೆಲಸ. ಆದ್ರ ಇನ್ನೊಮ್ಮಿ ಮಷಿನ್ ನಿಲ್ಲಿಸಿದ್ರ ಖೋಲಿ ಖಾಲಿ ಮಾಡು ಅಂತ ಮಾಲಕ ಅಂದಿದ್ದ. ಕಾರ್ಖಾನಿದೇ ಖೋಲಿ ಅದು. ಅದರಾಗ ಅಂಬರಾಯನ ತಾಯಿ ಹಾಸಿಗಿ ಹಿಡದು ಮಲಗ್ಯಾಳ. ಮಾಲಕಗ ನೋಟಿಸ್ ಹೋಯ್ತು, ಅವಾ ಊರಾಗ ಇರಲಿಲ್ಲ.

ಲಾಕಪ್ಪಿನಾಗ ಸಂಘಪಾಲ ಕುಕ್ಕಿದಲ್ಲಿ ಸುಣ್ಣ ಉದುರಿ ತೆಗ್ಗು ಬಿದ್ದಿತ್ತು. ಅಂಬರಾಯ ಅದಕ್ಕ ಬೆನ್ನು ಹಚ್ಚಿ ಕುಂತ.