ಟವಲಿನ ಕೆಳಗಿನ ಮಾತು

“ಕೈ ಇಡವ್ವಾ, ಅಂಜಬ್ಯಾಡ” ಎನ್ನುತ್ತ ಗೂಡುಸಾಬ ಹೆಗಲ ಮೇಲಿನ ಟವಲನ್ನು ಕೊಡವಿ ಹಿಡಿದ.

ನಿರ್ಮಲಾಳ ಕೈ ಮೇಲೇಳಲಿಲ್ಲ. ಟವಲಿನ ಆಚೆ ನಿಂತವನು ಅಪರಿಚಿತ!

ಆತ ಈಗಷ್ಟೇ, ಜಾಕ್ ಹಚ್ಚಿ ಎತ್ತಿದ ಅವಳ ಕಾರಿನ ಅಡಿಯಿಂದ ಎದ್ದು ಬಂದಿದ್ದ. ಅಂಗಿಯ ಬೆನ್ನಿಗೆಲ್ಲ ಹಾವೇರಿ ಸಂತೆಬಯಲಿನ ಧೂಳು. ಕಾರಿನಡಿ ನುಸುಳುವಾಗ ಮುಖದಲ್ಲಿದ್ದ ನಗು ಹೊರಗೆ ಬಂದಾಗ ಇರಲಿಲ್ಲ.

ಏನು ನೋಡಿದ ಅಲ್ಲಿ?

ಬೇರೆ ಯಾರೂ ಅದನ್ನು ಗಮನಿಸಲಿಲ್ಲ. ನಿರ್ಮಲಾ ಗಮನಿಸಿದಳು. ರಾಣೆಬೆನ್ನೂರಿನ ಬೀಜದ ಕಂಪನಿಯೊಂದರಲ್ಲಿ ಮೊಳಕೆ ಪರೀಕ್ಷೆ ಅವಳ ಕೆಲಸ. ಹೊರಗೆ ಹೊಳೆಯುವ ಕಾಳುಗಳಲ್ಲಿ ಒಳಗೆ ಸತ್ತದ್ದು ಯಾವುದೆಂದು ಹುಡುಕಿ ಹುಡುಕಿ, ಎಲ್ಲದರಲ್ಲೂ ಕೇಡನ್ನೇ ಹುಡುಕುವ ಕಣ್ಣು ಬಂದುಬಿಟ್ಟಿತ್ತು ಅವಳಿಗೆ.

“ಕಾಕಾ, ನನ್ನ ತಮ್ಮ ಇಡ್ತಾನಲ್ಲ ಕೈ...”

“ಗಾಡಿ ಯಾರ ಹೆಸರಿಲೆ ಐತಿ? ನಿನ್ನ ಹೆಸರಿಲೆ. ಮಾಲಕರ ಕೈನ ಬೇಕು. ನನ್ನ ಟವಲಿಗೆ ಗಂಡ್ಸು ಹೆಂಗ್ಸು ಗೊತ್ತಾಗೂದಿಲ್ಲ ತಗೋ!”

ಸುತ್ತಲಿದ್ದವರು ನಕ್ಕರು.

ಗೂಡುಸಾಬ ಹಳೆಯ ಎತ್ತಿನ ದಲಾಲ. ಹೊಲಗಳಿಗೆ ಟ್ರ್ಯಾಕ್ಟರ್ ಬಂದು ಎತ್ತಿನ ವ್ಯಾಪಾರ ಇಳಿದ ಮೇಲೆ ಹಳೆ ಕಾರುಗಳ ದಲಾಲಿ ಹಿಡಿದಿದ್ದ. ಕಸುಬು ಬದಲಾದರೂ ಪದ್ಧತಿ ಬಿಟ್ಟಿರಲಿಲ್ಲ. ಬೆಲೆಯನ್ನು ಬಾಯಲ್ಲಿ ಹೇಳುವಂತಿಲ್ಲ. ಕೊಡುವವರು, ಕೊಳ್ಳುವವರು ಟವಲಿನ ಕೆಳಗೆ ಕೈ ಹಿಡಿದು, ಬೆರಳು ಒತ್ತಿಯೇ ತಿಳಿಸಬೇಕು. ಒಂದು ಬೆರಳೆಂದರೆ ಹತ್ತು ಸಾವಿರ. ಅಷ್ಟನ್ನು ಅವಳಿಗೆ ಆಗಲೇ ಹೇಳಿಕೊಟ್ಟಿದ್ದ.

ಕಾರು ಅವಳ ಹೆಸರಿನಲ್ಲಿರಲು ಕಾರಣ ಅವಳ ನಿಂತುಹೋದ ಮದುವೆ. ನಿಶ್ಚಯವಾದ ಸಂತೋಷದಲ್ಲಿ ತಂದೆ ಪ್ರಭುಲಿಂಗಪ್ಪ ಅವಳ ಹೆಸರಿಗೆ ಬಿಳಿ ಎಸ್ಟೀಮ್ ಕಾರು ಕೊಂಡಿದ್ದರು. ಗಂಡಿನವರು ಮಾತು ಮುರಿದರು. ಕಾರು ಅಂಗಳದಲ್ಲೇ ಉಳಿದು ತಮ್ಮ ಸುನೀಲನ ಕೈಗೆ ಸಿಕ್ಕಿತು.

ಆಮೇಲೆ ಅದು ಕಾರಾಗಿ ಉಳಿಯಲಿಲ್ಲ. ಬಿಳಿ ಹೋಗಿ ಕಪ್ಪಾಯಿತು, ಬಾಗಿಲ ಮೇಲೆ ಬೆಂಕಿಯ ಚಿತ್ರ ಬಂತು. ಹುಬ್ಬಳ್ಳಿಯ ಯಾವುದೋ ಶೆಡ್ಡಿನಲ್ಲಿ ಸ್ಪ್ರಿಂಗ್ ಕತ್ತರಿಸಿ ನೆಲಕ್ಕೆ ತಾಗುವಂತೆ ಇಳಿಸಿದರು. ಅಗಲವಾದ ಗಾಲಿ, ಹಿಂದೆ ರೆಕ್ಕೆ, ಗುಡುಗುವ ಸೈಲೆನ್ಸರ್, ಡಿಕ್ಕಿಯ ತುಂಬ ವೂಫರ್... ಹೊಸ ನಾಲ್ಕು ಪಥದ ಹೆದ್ದಾರಿಯಲ್ಲಿ ಸುನೀಲ ಅದನ್ನು ಓಡಿಸುವ ವೇಗ ಕೇಳಿದ ದಿನದಿಂದ ನಿರ್ಮಲಾಳಿಗೆ ಸರಿಯಾಗಿ ನಿದ್ದೆಯಿಲ್ಲ. ಮಾರಿಬಿಡಬೇಕು, ಅದು ಇವನನ್ನು ನುಂಗುವ ಮೊದಲು!

ಆದರೆ ಕೊಳ್ಳುವವರೇ ಇಲ್ಲ.

“ಇದಕ್ಕ ಎಷ್ಟ ಸುರದೇನಿ ಗೊತ್ತೈತೇನು?” ಎಂದು ಸುನೀಲ ಬಂದವರಿಗೆಲ್ಲ ಎಗರುತ್ತಿದ್ದ.

“ನೀ ಹಾಕಿದ್ದಕ್ಕ ಯಾರೂ ರೊಕ್ಕಾ ಕೊಡೂದಿಲ್ಲೋ ತಮ್ಮಾ” ಎಂದಿದ್ದ ಗೂಡುಸಾಬ. “ಅದನ್ನ ಕಿತ್ತ ತಗಿಯಾಕ ಎಷ್ಟ ಬೀಳ್ತೈತಿ ಅಂತ ಲೆಕ್ಕಾ ಹಾಕಿ ಮುರಕೊಂತಾರ. ಕಾಗದದಾಗ ಬಿಳಿ, ಕಣ್ಣಿಗೆ ಕರಿ. ಮದಲ ಹೆಂಗಿತ್ತೋ ಹಂಗ ಇಟ್ಟಿದ್ರ ಇದರ ಡಬಲ್ ಬರ್ತಿತ್ತು.”

ಬಂದ ಪ್ರತಿಯೊಬ್ಬನೂ ಬೆಲೆ ಇಳಿಸಲು ಒಂದೇ ಮಾತಾಡಿದ್ದ. “ಇದು ಡೇಂಜರ್ ಗಾಡಿ”, “ಇದರಾಗ ಕುಂತವ್ರು ಉಳಿಯೂದಿಲ್ಲ”. ಕೇಳಿ ಕೇಳಿ ಅವಳ ಕಿವಿ ಜಡ್ಡುಗಟ್ಟಿತ್ತು.

ಇವತ್ತು ಟವಲಿನ ಆಚೆ ನಿಂತ ಈತ ಮಾತ್ರ ಒಂದೂ ಮಾತಾಡಲಿಲ್ಲ. ಹೆಸರು ಹನುಮೇಶ. ಬ್ಯಾಡಗಿಯಲ್ಲಿ, ಮೆಣಸಿನಕಾಯಿ ಪೇಟೆಯ ಹಿಂದೆ ಇವನ ಶೆಡ್ಡು. ಇಂಥ ಕಾರುಗಳನ್ನು ಕೊಂಡು, ಮೊದಲಿನಂತೆ ಮಾಡಿ ಮಾರುತ್ತಾನಂತೆ.

ನಿರ್ಮಲಾ ಕಣ್ಣು ಮುಚ್ಚಿ ಕೈಯಿಟ್ಟಳು. ಟವಲು ಬಿತ್ತು.

ಬಿಸಿಯಾದ, ಒರಟು ಕೈ. ಆತ ಅವಸರ ಮಾಡಲಿಲ್ಲ. ಒಂದೊಂದೇ ಬೆರಳು ಒತ್ತಿದ. ಅವಳ ಎದೆ ಹೊಡೆದುಕೊಳ್ಳತೊಡಗಿತು. ಯಾಕೆ ಹೀಗೆ? ತಲೆಯೆತ್ತಿದರೆ ಆತ ಅವಳನ್ನೇ ನೋಡುತ್ತಿದ್ದ. ಕಣ್ಣಲ್ಲಿ ಏನೋ ಇತ್ತು... ಕೇಳಿಕೊಳ್ಳುವಂಥದ್ದು.

ಮರುಗಳಿಗೆ, ಆತನ ಕಿರುಬೆರಳು ಅವಳ ಅಂಗೈಯನ್ನು ಮೆಲ್ಲಗೆ ಕೆರೆಯಿತು.

ಅವಳ ಮೈಯೆಲ್ಲ ಉರಿದುಹೋಯಿತು! ಕಾಲೇಜಿನ ದಿನಗಳಲ್ಲಿ ಬಸ್ಸಿನ ನೂಕುನುಗ್ಗಲಿನಲ್ಲಿ ಪೋಲಿಗಳು ಹೀಗೆಯೇ ಕೆರೆಯುತ್ತಿದ್ದರು. ಅದರ ಅರ್ಥ ಯಾವ ಹುಡುಗಿಗೆ ಗೊತ್ತಿಲ್ಲ?

ಕೈ ಕಸಿದುಕೊಂಡಳು. “ನಾಚಿಕಿ ಬರೂದಿಲ್ಲೇನ್ರಿ ನಿಮಗ?”

ಹನುಮೇಶ ತಬ್ಬಿಬ್ಬಾದ. “ರೀ... ನಾ ಹೇಳಿದ್ದು ತಿಳೀತಿಲ್ಲೋ?”

“ಛಲೋ ತಿಳೀತು! ಸುನೀಲಾ, ನಡಿ. ಇವರಿಗೆ ಕೊಡೂದಿಲ್ಲ.”

ಸುನೀಲನಿಗೆ ಅದೇ ಬೇಕಿತ್ತು. ಕಾರು ಗುಡುಗುತ್ತ ಹೊರಟಿತು. ದಾರಿಯುದ್ದಕ್ಕೂ ಅವಳ ಅಂಗೈ ಉರಿಯಿತು. ಆತನ ಬೆರಳಿಗೆ ಅಂಟಿದ್ದ ಮೆಣಸಿನಕಾಯಿ ಘಾಟಿರಬೇಕು. ತಿಳಿಯದೆ ಕಣ್ಣೊರೆಸಿಕೊಂಡಳು, ನೀರು ಧಾರೆಯಾಗಿ ಇಳಿಯಿತು.

ಮನೆಯ ಓಣಿಗೆ ತಿರುಗುವಾಗ ಮುಂದಿನ ಗಾಲಿಯ ಹತ್ತಿರ ಸಣ್ಣ ಸಪ್ಪಳ. *ಟಿಕ್*.

“ಅದೇನೋ ಸಪ್ಪಳ?”

“ಎಲ್ಲಿ ಸಪ್ಪಳಾ? ನಿಂದೊಂದ ಯಾವಾಗ್ಲೂ!” ಸುನೀಲ ಹಾಡಿನ ದನಿ ಏರಿಸಿದ.

ಆಮೇಲೆ ಅವನು ಓಣಿಗೆ ತಿರುಗಿದಾಗಲೆಲ್ಲ ಅವಳಿಗೆ ಅದು ಕೇಳಿಸಿತು. ವೂಫರಿನ ಗುಡುಗಿನ ಅಡಿಯಲ್ಲಿ, ಯಾರೋ ಒಳಗಿನಿಂದ ಉಗುರಿನಿಂದ ಬಡಿದಂತೆ... *ಟಿಕ್*.

ಆ ವಾರವೇ ಹನುಮೇಶ ಅವಳ ಮನೆಯ ಮುಂದೆ ಕಾಣಿಸಿಕೊಂಡ. ಬೆಳಕು ಹರಿಯುವ ಹೊತ್ತು. ನಿರ್ಮಲಾ ನೀರು ಹಾಕಲು ಬಂದವಳು ಬೆಚ್ಚಿಬಿದ್ದಳು. ಆತ ಕಾರಿನ ಪಕ್ಕ ಮೊಣಕಾಲೂರಿ ಅಡಿಗೆ ಬಗ್ಗಿ ನೋಡುತ್ತಿದ್ದ!

“ಏನ್ ಮಾಡಾಕತ್ತೀರಿ ಇಲ್ಲೆ?”

ಆತ ಎದ್ದು ನಿಂತ. “ಈ ಗಾಡೀನ ಓಡಸಾಕ ಬಿಡಬ್ಯಾಡ್ರಿ. ನಿಮ್ಮ ಕಾಲಿಗೆ ಬೀಳ್ತೇನಿ.”

“ಎಲ್ಲಾರೂ ಇದ ಮಾತ ಹೇಳ್ತಾರ. ಅಂಜಿಸಿ ಬೆಲಿ ಇಳಸೂದು.”

“ಬಾಯಿಲೆ ಹೇಳಿದ್ರ ನಂಬೂದಿಲ್ಲ ಅಂತ ಗೊತ್ತರಿ ನನಗ. ಅದಕ್ಕ ಆವತ್ತ ನಿಮ್ಮ ಕೈಯಾಗ...”

“ಆ ಕೈ ಸುದ್ದಿ ಎತ್ತಬ್ಯಾಡ್ರಿ!” ಅವಳು ಬಾಗಿಲತ್ತ ಸರಿದಳು. “ಇನ್ನೊಮ್ಮೆ ಈ ಓಣ್ಯಾಗ ಕಂಡ್ರ ಅಪ್ಪಾಗ ಹೇಳ್ತೇನಿ.”

ಬಾಗಿಲು ಹಾಕಿಕೊಂಡಳು. ಕಿಟಕಿಯ ಸಂದಿಯಿಂದ ನೋಡಿದಳು. ಆತ ಬಹಳ ಹೊತ್ತು ಅಲ್ಲೇ ನಿಂತಿದ್ದ. ಪೋಲಿಯ ಮುಖ ಹಾಗಿರುತ್ತದೆಯೇ? ಆ ಕಣ್ಣುಗಳು... ಅವಳಿಗೆ ಆತನ ಮೇಲಿನ ಸಿಟ್ಟಿಗಿಂತ, ಆ ಸಿಟ್ಟು ಗಟ್ಟಿಯಾಗಿ ನಿಲ್ಲುತ್ತಿಲ್ಲವಲ್ಲ ಎಂಬ ಸಿಟ್ಟೇ ಹೆಚ್ಚಾಯಿತು.

ರವಿವಾರ ಬೆಳಿಗ್ಗೆ ಸುನೀಲ ಹೊಸ ಕೂಲಿಂಗ್ ಗ್ಲಾಸ್ ಹಾಕಿಕೊಂಡು ಹೊರಟ.

“ಎಲ್ಲಿಗೋ?”

“ಮೋಟೆಬೆನ್ನೂರಾಗ ದೋಸ್ತರೆಲ್ಲಾ ಚಾ ಕುಡದು, ಅಲ್ಲಿಂದ ಹಾವೇರಿ ತನಕ ರೇಸ್. ದಾವಣಗೆರಿ ಹುಡುಗರ ಗಾಡೀನೂ ಬರ್ತಾವ. ನೋಡತಿರು, ಇವತ್ತ ಗೆದ್ರ ಇದರ ಬೆಲಿ ತಾನ ಏರತೈತಿ!”

“ಸುನೀಲಾ, ಬ್ಯಾಡ...”

ಗುಡುಗು ದೂರವಾಯಿತು. ತಿರುವಿನಲ್ಲಿ ಮತ್ತೆ *ಟಿಕ್*. ಈ ಸಲ ಗಟ್ಟಿಯಾಗಿ.

ಅವಳಿಗೆ ಕೂಡಲಾಗಲಿಲ್ಲ, ನಿಲ್ಲಲಾಗಲಿಲ್ಲ. ಸಿಕ್ಕ ಬಸ್ಸು ಹತ್ತಿ ಹಾವೇರಿಗೆ, ಗೂಡುಸಾಬನ ಮನೆಗೆ ಬಂದಳು. ಯಾರಿಗಾದರೂ, ಎಷ್ಟಕ್ಕಾದರೂ ಇವತ್ತೇ ಮಾರಿಬಿಡಿ ಎಂದು ಬೇಡಲು.

ಗೂಡುಸಾಬ ಮಂಡಕ್ಕಿ ತಿನ್ನುತ್ತ ಕುಳಿತಿದ್ದ. “ಹನುಮೇಶನಂಥ ಗಿರಾಕೀನ ಬಿಟ್ಟಿ. ಟವಲ್ ಹಾರಿಸಿ ಹೋದಿ. ನನ್ನ ಜನ್ಮದಾಗ ಯಾರೂ ಹಂಗ ಮಾಡಿಲ್ಲವ್ವಾ. ಏನಾತು ಅವತ್ತ?”

ಅವಳು ತಲೆ ತಗ್ಗಿಸಿದಳು. ಗಂಡಸಿನ ಮುಂದೆ ಹೇಗೆ ಹೇಳುವುದು? ಅವನ ಹೆಂಡತಿ ದೌಲತಬಿ ಅರ್ಥ ಮಾಡಿಕೊಂಡು ಒಳಗೆ ಕರೆದಳು.

“ನನ್ನ ಮುಂದ ಹೇಳ ಮಗಳ.”

“ಆತ... ಅಂಗೈ ಕೆರದ ಅತ್ತಿ.”

“ಹೆಂಗ? ಕಿರುಬೆರಳಿಲೆ? ಹಿಂಗ?” ದೌಲತಬಿ ಅವಳ ಅಂಗೈ ಹಿಡಿದು ಮೆಲ್ಲಗೆ ಕೆರೆದಳು.

“ಹೂಂ.”

ದೌಲತಬಿ ಪಕ್ಕನೆ ನಕ್ಕಳು. “ಅಯ್ಯ ನನ ಮಗಳ! ಅದು ಐಬು, ಒಳಗಿನ ದೋಷಾ ಹೇಳೂ ಸನ್ನಿ! ಎತ್ತಿನಾಗ ಹೊರಗ ಕಾಣದಂಥ ಐಬು ಇದ್ರ, ಮಂದಿ ಮುಂದ ಮಾಲಕರ ಮರ್ಯಾದಿ ಹೋಗಬಾರದಂತ ಟವಲಿನ ಕೆಳಗ ಹಿಂಗ...”

ನಗು ಅರ್ಧಕ್ಕೇ ನಿಂತಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು.

ಬಾಗಿಲಲ್ಲಿ ಗೂಡುಸಾಬ ನಿಂತಿದ್ದ. ಅವನ ಕೈಯ ಮಂಡಕ್ಕಿ ನೆಲಕ್ಕೆ ಉದುರುತ್ತಿತ್ತು. “ಬೆರಳ ಲೆಕ್ಕಾ ಹೇಳಿಕೊಟ್ನಿ, ಇದನ್ನ ಹೇಳಾಕ ಮರತ್ನಲ್ಲಾ... ಅಂವ ಎತ್ತಿನ ದಲಾಲ ಮೈಲಾರೆಪ್ಪನ ಮಗಾ ಅವ್ವಾ. ಸುಳ್ಳ ಐಬು ಎಂದೂ ಹೇಳೂದಿಲ್ಲ. ಗಾಡಿ ಎಲ್ಲೈತಿ ಈಗ?”

ನಿರ್ಮಲಾ ಮೊಬೈಲ್ ತೆಗೆದಳು. *ಟಿಕ್*... *ಟಿಕ್*... ಕಿವಿಯೊಳಗೆಲ್ಲ ಅದೇ!

ಸುನೀಲನ ಮೊಬೈಲ್ ಹೊಡೆದುಕೊಂಡಿತು, ಎತ್ತಲಿಲ್ಲ. ಆ ಹಾಡಿನ ಅಬ್ಬರದಲ್ಲಿ ಅವನಿಗೆ ಕೇಳಿಸುವುದಾದರೂ ಹೇಗೆ? ಗೂಡುಸಾಬ ಕೊಟ್ಟ ಹನುಮೇಶನ ನಂಬರ್ ಒತ್ತಿದಳು.

“ಹಲೋ... ನಾನು... ನಿರ್ಮಲಾ...”

ಆತ ಬೇರೇನೂ ಕೇಳಲಿಲ್ಲ. “ತಮ್ಮ ಎಲ್ಲಿದಾನ?”

“ಮೋಟೆಬೆನ್ನೂರಾಗ. ಚಾದಂಗಡಿ ಹತ್ರ. ರೇಸ್ ಐತಂತ. ನಾ ನಿಮಗ...”

“ಬ್ಯಾಡಗಿಯಿಂದ ಮೋಟೆಬೆನ್ನೂರು ಹತ್ರನ ಐತಿ. ಹೊಂಟೆ.”

ಗೂಡುಸಾಬ ಮಾರಲು ತಂದಿಟ್ಟಿದ್ದ ಜೀಪೊಂದರಲ್ಲಿ ಹೊರಟರು. ಹೆದ್ದಾರಿಯ ಆಚೆ ಬದಿಯಲ್ಲಿ ಎದುರಾದ ಪ್ರತಿಯೊಂದು ಕಪ್ಪು ಕಾರಿಗೂ ಅವಳ ಉಸಿರು ನಿಂತು ಹೋಗುತ್ತಿತ್ತು. ಒಂದು ಕಡೆ ಜನ ಗುಂಪುಗೂಡಿದ್ದರು. ಅವಳು ಮುಖ ಮುಚ್ಚಿಕೊಂಡಳು.

“ಲಾರಿ ಪಂಚರ್ ಅವ್ವಾ, ಲಾರಿ...” ಎಂದ ಗೂಡುಸಾಬ. ಅವನ ದನಿಯೂ ಸರಿಯಿರಲಿಲ್ಲ.

ಮೋಟೆಬೆನ್ನೂರು ಬಂತು. ಚಾದಂಗಡಿಯ ಮುಂದೆ ಕೂಗಾಟ. ಹುಡುಗರ ನಡುವೆ ಹನುಮೇಶ ನಿಂತಿದ್ದ. ಅಂಗಿ ಹರಿದಿತ್ತು, ತುಟಿಯಿಂದ ರಕ್ತ ಇಳಿಯುತ್ತಿತ್ತು. ಸುನೀಲ ಅವನ ಕೊರಳಪಟ್ಟಿ ಹಿಡಿದಿದ್ದ.

“ಕೀ ಕೊಡಲೇ! ಯಾವನಲೇ ನೀ ನನ್ನ ಗಾಡಿ ಕೀ ಕಸಗೊಳ್ಳಾಂವ?”

ಹನುಮೇಶ ತಿರುಗಿ ಹೊಡೆಯಲಿಲ್ಲ. ಬಲಗೈ ಮುಷ್ಟಿ ಮಾತ್ರ ಬಿಗಿಯಾಗಿತ್ತು. ಇಬ್ಬರು ಹಿಡಿದೆಳೆದರೂ ಅದು ಬಿಚ್ಚಿರಲಿಲ್ಲ.

“ಸುನೀಲಾ, ಬಿಡು!”

ಅವಳು ಗುಂಪು ಸೀಳಿಕೊಂಡು ಆತನೆದುರು ನಿಂತಳು. ಏನು ಹೇಳಬೇಕು? ತಪ್ಪಾಯಿತು ಎನ್ನಲೇ? ಸೆರಗಿನ ತುದಿಯನ್ನು ಆ ಮುಷ್ಟಿಯ ಮೇಲೆ ಹೊದಿಸಿ, ಅದರ ಕೆಳಗೆ ತನ್ನ ಕೈ ಚಾಚಿದಳು.

ಹನುಮೇಶ ಅವಳ ಮುಖ ನೋಡಿದ. ಮುಷ್ಟಿ ತಾನಾಗಿ ಬಿಚ್ಚಿತು. ಬಿಸಿಯಾಗಿದ್ದ ಕೀಲಿಕೈ ಅವಳ ಅಂಗೈಗೆ ಬಂತು.

“ಜಾಕ್ ಹಚ್ರಿ” ಎಂದ ಆತ ಸುನೀಲನಿಗೆ. “ನೀವ ನೋಡ್ರಿ. ನಾ ಹೇಳೂದು ಬ್ಯಾಡ.”

ಗೊಣಗುತ್ತಲೇ ಸುನೀಲ ಕಾರಿನ ಮುಂಭಾಗ ಎತ್ತಿದ. ಹನುಮೇಶ ಬೈಕಿನಿಂದ ತಂದ ಕಬ್ಬಿಣದ ಸಲಾಕೆಯಿಂದ ಒಳಗೆ ಅಂಟಿದ್ದ ಡಾಂಬರು ಕೆರೆದ. ಅಗಲ ಗಾಲಿ ಕೂಡಿಸಲು, ಗಾಲಿ ಹಿಡಿಯುವ ಕಬ್ಬಿಣದ ತೋಳನ್ನೇ ಕತ್ತರಿಸಿ ಬೆಸೆದಿದ್ದರು. ಆ ಬೆಸುಗೆಯ ಅಡ್ಡಕ್ಕೆ ಕೂದಲಿನಂಥ ಕಪ್ಪು ಗೆರೆ.

“ಗಾಲಿ ಹಿಡದ ಒಂಚೂರ ಜಗ್ಗರಿ.”

ಸುನೀಲ ಜಗ್ಗಿದ.

*ಟಣ್!*

ಗಾಲಿ ಮುರಿದ ಕತ್ತಿನಂತೆ ಒಂದು ಕಡೆಗೆ ವಾಲಿತು.

ಕೂಗಾಟ ನಿಂತುಹೋಯಿತು. ದಾವಣಗೆರೆಯ ಹುಡುಗನೊಬ್ಬ ಸದ್ದಿಲ್ಲದೆ ತನ್ನ ಕಾರಿನ ಅಡಿಗೆ ಬಗ್ಗಿ ನೋಡಿದ. ಸುನೀಲ ಗಾಲಿಯ ಪಕ್ಕ ನೆಲದಲ್ಲೇ ಕುಳಿತುಕೊಂಡ. ಹೆದ್ದಾರಿಯಲ್ಲಿ ಲಾರಿಗಳು ಒಂದರ ಹಿಂದೊಂದು ಹಾಯುತ್ತಲೇ ಇದ್ದವು.

“ಅಕ್ಕಾ...” ಎಂದ ಅವನು ಚಿಕ್ಕಂದಿನ ದನಿಯಲ್ಲಿ. “ನಿನಗ ಕೇಳಸ್ತಿತ್ತಲ್ಲಾ... ಟಿಕ್ ಅಂತ.”

ನಿರ್ಮಲಾ ಅವನ ತಲೆಯನ್ನು ಎದೆಗೊತ್ತಿಕೊಂಡಳು. ಅವಳ ಕಣ್ಣು ಮಾತ್ರ ತುಟಿಯ ರಕ್ತ ಒರೆಸಿಕೊಳ್ಳುತ್ತಿದ್ದವನ ಮೇಲಿತ್ತು.

ಕಾರು ಬ್ಯಾಡಗಿಯ ಶೆಡ್ಡಿಗೆ ಹೋಯಿತು. ಸುನೀಲ ತನ್ನ ಕೆಲಸ ಮುಗಿಸಿ ದಿನಾ ಅಲ್ಲಿಗೇ ಓಡತೊಡಗಿದ. ಬಂದು ಹನುಮೇಶಣ್ಣ ಹಾಗೆ, ಹನುಮೇಶಣ್ಣ ಹೀಗೆ ಎನ್ನುತ್ತಿದ್ದ. ಅವಳು ಕೇಳದವಳಂತೆ ಕೇಳುತ್ತಿದ್ದಳು. ಮೂರ್ನಾಲ್ಕು ಸಲ ತಾನೂ ಹೋದಳು. ಕಾರು ನೋಡಲು ಎಂದು ಅವ್ವನಿಗೆ ಹೇಳಿ.

ಹಬ್ಬಕ್ಕೆ ಮೊದಲಿನ ಸಂತೆಗೆ ಕಾರು ಮತ್ತೆ ಹಾವೇರಿಯ ಬಯಲಿಗೆ ಬಂತು. ಬೆಂಕಿ ಇಲ್ಲ, ರೆಕ್ಕೆ ಇಲ್ಲ. ಕಾಗದದಲ್ಲಿದ್ದಂತೆ ಬಿಳಿ. ಅಗಡಿ ಊರಿನ ಮಾಸ್ತರರೊಬ್ಬರು ನೋಡಿದ ಕೂಡಲೇ ಒಳ್ಳೆಯ ಬೆಲೆಗೆ ಒಪ್ಪಿದರು.

“ಇನ್ನ ಹನುಮೇಶನ ಕೂಲಿ ಉಳೀತು” ಎಂದ ಗೂಡುಸಾಬ. “ಎಷ್ಟ್ ಕೇಳಿದ್ರೂ ಬಾಯಿ ಬಿಡವಲ್ಲ. ಮಾಲಕರು ಕೈ ಇಡ್ರಿ!”

ಅವಳ ತಂದೆ ಪ್ರಭುಲಿಂಗಪ್ಪ ದೂರದ ಬೆಂಚಿನ ಮೇಲೆ ಚಹಾ ಆರಿಸುತ್ತಿದ್ದವರು, ಏನೋ ತಿಳಿದವರಂತೆ ಮುಖ ಆಚೆ ತಿರುಗಿಸಿಕೊಂಡರು.

ಟವಲು ಬಿತ್ತು. ಅದೇ ಬಿಸಿ ಕೈ. ಆದರೆ ಆತ ಯಾವ ಬೆರಳನ್ನೂ ಒತ್ತಲಿಲ್ಲ. ಸುಮ್ಮನೆ ಹಿಡಿದುಕೊಂಡ.

ನಿರ್ಮಲಾಳ ಎದೆ ಮತ್ತೆ ಅದೇ ಹಳೆಯ ಭಯದಿಂದ ನಡುಗಿತು. ಒಮ್ಮೆ ಮುರಿದ ಮಾತು ಇನ್ನೊಮ್ಮೆ ಮುರಿಯುವುದಿಲ್ಲವೆಂದು ಯಾರು ಹೇಳಬೇಕು? ಆಮೇಲೆ, ಕಿರುಬೆರಳಿನಿಂದ ಆತನ ಅಂಗೈಯನ್ನು ಮೆಲ್ಲಗೆ ಕೆರೆದಳು.

ಹನುಮೇಶ ಗಾಬರಿಯಾದ. “ಗಾಡ್ಯಾಗ ಇನ್ನೂ ಏನ ಐಬು ಉಳದೈತ್ರಿ?”

“ಗಾಡ್ಯಾಗಲ್ಲ. ನನ್ನಾಗ.” ಅವಳ ದನಿ ಅವನಿಗಷ್ಟೇ ಕೇಳುವಂತಿತ್ತು. “ನಾ ಎಲ್ಲಾದಕ್ಕೂ ಅಂಜತೇನ್ರಿ. ಸಪ್ಪಳಾದ್ರ ಅಂಜತೇನಿ, ಆಗದಿದ್ರೂ ಅಂಜತೇನಿ. ನೀವು ಬರೂದು ತಡಾ ಆದ್ರ ದಾರಿ ಕಾಯ್ತೇನಿ, ಅಳತೇನಿ. ಮುಂದ ಗೊತ್ತಾಗಿ ಮೋಸಾತು ಅನಬ್ಯಾಡ್ರಿ... ಮೊದಲ ಹೇಳೇನಿ.”

ಆತನ ಕಣ್ಣು ತುಂಬಿದವು. ಅವಳ ಅಂಗೈಯಲ್ಲಿ ಒರಟು ಬೆರಳೊಂದು ಮೆಲ್ಲಗೆ ಆಡಿತು.

“ನನ್ನಾಗೂ ಒಂದೈತ್ರಿ.”

“ಏನು?”

“ಹೇಳಬೇಕಾದ್ದನ್ನ ಬಾಯಿಲೆ ಹೇಳಾಕ ಬರೂದಿಲ್ಲ.”

“ಏ, ಟವಲ್ ವಾಪಸ್ ಕೊಡ್ರೆಪಾ! ಬ್ಯಾರೆ ವ್ಯಾಪಾರ ಅದಾವ ನಂದು” ಎಂದು ಗೂಡುಸಾಬ ಕೂಗಿದ. ಸುನೀಲ ಗಹಗಹಿಸಿ ನಕ್ಕ.

ಅವಳು ತಲೆಯೆತ್ತಲಿಲ್ಲ. “ಹಂಗಾದ್ರ... ಕೈ ಬಿಡಬ್ಯಾಡ್ರಿ.”

“ಆವತ್ತೂ ನಾ ಬಿಟ್ಟಿರಲಿಲ್ರಿ” ಎಂದ ಹನುಮೇಶ. “ಕಸಗೊಂಡವ್ರು ನೀವು.”