ವರ್ಷ ಬರೆಯದ ಟಿಪ್ಪಣಿ

"ಯಾರನ್ನ ಕೇಳಿ ಅಪ್‌ಗ್ರೇಡ್ ಮಾಡಿದ್ರಿ?"

ಅವಳ ದನಿಗೆ ಆರು ಮೇಜುಗಳ ಕೀಬೋರ್ಡುಗಳು ಒಮ್ಮೆಲೇ ಸುಮ್ಮನಾದವು. ಕೇಬಲ್ ಸುತ್ತುತ್ತಿದ್ದ ಕಂಪ್ಯೂಟರ್ ರಿಪೇರಿಯವನು ತಲೆಯೆತ್ತಿದ.

"ಸಂಪಾದಕರೇ ಹೇಳಿದ್ರು ಮೇಡಂ. ನಿನ್ನೆ ಭಾನುವಾರ ಕೂತು ಮುಗಿಸಿದೆ. ಒಮ್ಮೆ ರೀಸ್ಟಾರ್ಟ್ ಮಾಡಿ ನೋಡಿ..."

"ಮೂರು ಸಲ ಮಾಡಾಯ್ತು! ಇಲ್ನೋಡಿ!"

ಪರದೆಯ ಮೇಲೆ 'ಮ್ಯಾಕ್ರೋ ದೋಷ' ಎಂಬ ಪೆಟ್ಟಿಗೆ. ಮುಚ್ಚಿದರೆ ಇನ್ನೊಂದು. ಅದನ್ನೂ ಮುಚ್ಚಿದರೆ ಅಡಿಟಿಪ್ಪಣಿಗಳಿಗೆಲ್ಲ ಎರಡೆರಡು ಸಂಖ್ಯೆ!

ಅದು ಕಾನೂನು ಪುಸ್ತಕಗಳ ಪ್ರಕಾಶನ. ಪುಟದ ಮೇಲೆ ನಾಲ್ಕು ಸಾಲು ವಿಷಯವಿದ್ದರೆ ಕೆಳಗೆ ನಲವತ್ತು ಸಾಲು ಅಡಿಟಿಪ್ಪಣಿ. ಅವನ್ನು ಹದಕ್ಕೆ ತರಲು ಅವಳು ಆರು ವರ್ಷಗಳಲ್ಲಿ ತಾನೇ ಕಲಿತು ನಲವತ್ತೊಂದು ಮ್ಯಾಕ್ರೋ, ಅಂದರೆ ಯಂತ್ರ ತಾನಾಗಿ ಪಾಲಿಸುವ ಆದೇಶಗಳ ಪಟ್ಟಿ, ಬರೆದಿದ್ದಳು. ಒಂದು ಗುಂಡಿ ಒತ್ತಿದರೆ ಅರ್ಧ ದಿನದ ಕೆಲಸ ಅರೆ ನಿಮಿಷದಲ್ಲಿ ಮುಗಿಯುತ್ತಿತ್ತು. ಉಲ್ಲೇಖದಲ್ಲಿ ವರ್ಷ ಹಾಕಲು ಮರೆತವರು ನಿವೃತ್ತ ನ್ಯಾಯಾಧೀಶರೇ ಆಗಿದ್ದರೂ ಸರಿ, ಫೋನಿನಲ್ಲೇ ಅವರ ಬೆವರಿಳಿಸುತ್ತಿದ್ದಳು. ಹಾಗಾಗಿ ಕಚೇರಿಯಲ್ಲಿ ಅವಳ ಹೆಸರು ಅಡಿಟಿಪ್ಪಣಿ ಮೇಡಂ. ಅವನ ಹೆಸರು ರೀಸ್ಟಾರ್ಟ್.

ಸಂಪಾದಕರು ಒಳಕೋಣೆಯಿಂದ ಇಣುಕಿದರು. "ಗುರುವಾರ ಮಧ್ಯಾಹ್ನ ಒಂಬೈನೂರು ಪುಟ ಪ್ರೆಸ್ಸಿಗೆ ಹೋಗ್ಬೇಕು. ನೀವಿಬ್ರೂ ಜಗಳ ಆಡ್ತೀರೋ, ಕೂತು ಸರಿ ಮಾಡ್ತೀರೋ, ನಂಗೊತ್ತಿಲ್ಲ."

ಅವಳು ನಾಲಿಗೆ ಕಚ್ಚಿಕೊಂಡಳು. 'ರೇಗೋಕೆ ಬೇರೆ ಯಾರೂ ಸಿಗಲಿಲ್ವಾ ನಿಂಗೆ?' ಎಂಟು ತಿಂಗಳಿಂದ ಪ್ರತಿ ತಿಂಗಳ ಮೊದಲ ಸೋಮವಾರಕ್ಕೆ ಕಾದು ಕೂರುತ್ತಿದ್ದವಳು ಅವಳೇ ಅಲ್ಲವೇ! ಅವನು ಬಂದು ಯಂತ್ರದ ಧೂಳು ಒರೆಸಿ ಹೋದರೂ ಇಡೀ ವಾರ ಅವಳ ಮುಖದಲ್ಲಿ ಬೆಳಕಿರುತ್ತಿತ್ತು. ಬಾಯಿಬಿಟ್ಟು ಹೇಳುವ ಧೈರ್ಯ ಮಾತ್ರ ಇರಲಿಲ್ಲ.

ಈಗ ಅದಕ್ಕೂ ಕಾಲ ಮೀರುತ್ತಿತ್ತು. ಮುಂದಿನ ತಿಂಗಳಿಂದ ಯಂತ್ರಗಳ ಉಸ್ತುವಾರಿ ಬೇರೆ ಕಂಪನಿಯದು. ಈ ಕೆಲಸ ಮುಗಿಸಿ ಹೊರಟರೆ ಅವನು ಮತ್ತೆ ಈ ಬಾಗಿಲಿಗೆ ಬರುವುದಿಲ್ಲ.

ಮಂಗಳವಾರವಿಡೀ ಇಬ್ಬರೂ ಒಂದೇ ಮೇಜಿನ ಮುಂದೆ ಕುಳಿತರು. ಹೊಸ ಆವೃತ್ತಿಗೆ ಒಗ್ಗದ ಸಾಲುಗಳನ್ನು ಅವನು ಒಂದೊಂದಾಗಿ ಹುಡುಕಿ ತಿದ್ದುತ್ತಿದ್ದ.

"ಇದನ್ನೆಲ್ಲ ಯಾರ ಹತ್ರ ಕಲಿತ್ರಿ?"

"ತಪ್ಪು ಮಾಡಿ ಮಾಡಿ ಕಲಿತೆ."

"ಹಂಗಾದ್ರೆ ತುಂಬಾ ತಪ್ಪು ಮಾಡಿದೀರ. ಚೆನ್ನಾಗಿ ಬಂದಿದೆ!"

ಅವಳು ನಕ್ಕಳು. ಅವನೂ ನಕ್ಕ. ಸಂಜೆಯ ಹೊತ್ತಿಗೆ ದೋಷದ ಪೆಟ್ಟಿಗೆಗಳು ಅರ್ಧಕ್ಕರ್ಧ ಕಡಿಮೆಯಾದವು. 'ಅಯ್ಯೋ, ಇಷ್ಟು ಬೇಗ ಯಾಕೆ ಸರಿ ಮಾಡ್ತಾನೆ ಇವನು...' ಎಂದು ಅವಳ ಜೀವ ಚಡಪಡಿಸಿತು.

ಬುಧವಾರ ಅವನು ಬೇರೆಯೇ ಮನುಷ್ಯನಾಗಿದ್ದ.

ಟೀ ತಂದಿಟ್ಟರೆ, "ಅಲ್ಲಿಡಿ ಮೇಡಂ." ಏನಾದರೂ ಕೇಳಿದರೆ, "ಹ್ಞೂಂ." ಕಣ್ಣು ಪರದೆಯಿಂದ ಈಚೆ ಬರಲಿಲ್ಲ. ಅವಳು ಒಂದೇ ಫೈಲನ್ನು ಹತ್ತು ಸಲ ತೆರೆದು ಮುಚ್ಚಿದಳು. ಕಿಟಕಿಯ ಬಳಿ ಹೋದಳು, ಬಂದಳು, ಮತ್ತೆ ಹೋದಳು.

"ಕಾಲಿಗೆ ಚಕ್ರ ಕಟ್ಕೊಂಡಿದೀಯಾ? ಕೂತ್ಕೊಳೆ!" ಎಂದಳು ಪಕ್ಕದ ಮೇಜಿನ ಗೆಳತಿ.

ಮಧ್ಯಾಹ್ನ ಅವನೇ ಕರೆದ. "ಎರಡೆರಡು ಸಂಖ್ಯೆ ಬರೋ ಕಾರಣ ಸಿಕ್ತು. ತಪ್ಪು ನಂದೇ. ಹಳೇದು ಏನೂ ಕಳೆದುಹೋಗ್ಬಾರ್ದು ಅಂತ ನಿಮ್ಮ ಯಂತ್ರದಲ್ಲಿದ್ದ ಮ್ಯಾಕ್ರೋ ಪ್ರತಿನೂ ಎತ್ತಿ ಎಲ್ಲರೂ ಬಳಸೋ ಫೋಲ್ಡರ್‌ಗೆ ಹಾಕ್ಬಿಟ್ಟಿದ್ದೆ. ಒಂದೇ ಕೆಲಸಾನ ಕಚೇರಿ ಪ್ರತಿ, ನಿಮ್ಮ ಪ್ರತಿ ಎರಡೂ ಮಾಡ್ತಿವೆ."

"ನನ್ನ... ಪ್ರತಿ?"

ಅವಳು ಪರದೆಯತ್ತ ಬಗ್ಗಿದಳು.

ಮ್ಯಾಕ್ರೋ ಬರೆಯುವಾಗ ನಡುನಡುವೆ ಟಿಪ್ಪಣಿ ಹಾಕುವುದುಂಟು. ಸಾಲಿನ ಮುಂದೆ ಗುರುತೊಂದನ್ನು ಇಟ್ಟರೆ ಯಂತ್ರ ಅದನ್ನು ಓದದೆ ದಾಟಿ ಹೋಗುತ್ತದೆ. ಯಂತ್ರವೇ ಓದದ ಜಾಗ, ಇನ್ಯಾರು ಓದುತ್ತಾರೆಂದು ಅವಳು ಆರು ವರ್ಷಗಳಿಂದ ತನ್ನ ಮನಸ್ಸನ್ನೆಲ್ಲ ಅಲ್ಲೇ ಸುರಿದಿದ್ದಳು. ಕಚೇರಿಗೆ ಕೊಟ್ಟ ಪ್ರತಿಯಿಂದ ಅವನ್ನು ಅಳಿಸಿದ್ದಳು, ತನ್ನದರಲ್ಲಿ ಹಾಗೇ ಉಳಿಸಿಕೊಂಡಿದ್ದಳು. ಕೊನೆಯ ಎಂಟು ತಿಂಗಳ ಟಿಪ್ಪಣಿಗಳ ತುಂಬ ಅವನೇ ಇದ್ದ!

"ಓದಿದ್ರಾ?"

ಅವನು ತಲೆ ತಗ್ಗಿಸಿದ. "ನಿನ್ನೆ ನೀವು ಮನೆಗೆ ಹೋದ್ಮೇಲೆ ಓದ್ದೆ. ಓದ್ಬಾರ್ದಿತ್ತು. ಕ್ಷಮಿಸಿ."

ಸಂಜೆ ಮನೆಯ ದಾರಿಯುದ್ದಕ್ಕೂ ಅವಳಿಗೆ ಒಂದೇ ಯೋಚನೆ. ಎಲ್ಲ ಓದಿ, ಇಷ್ಟವಿಲ್ಲದೆ ಮುಖ ತಿರುಗಿಸಿದ... ಇನ್ನೇನು ಉಳಿಯಿತು? ಮನೆಗೆ ಬಂದವಳನ್ನು ನೋಡಿ ಅಮ್ಮ, "ಮುಖ ಯಾಕೆ ಹಂಗಿದೆ?" ಎಂದಾಗ, "ಸಾಫ್ಟ್‌ವೇರ್ ಸರಿಯಿಲ್ಲ" ಎಂದು ಬಿಕ್ಕಿದಳು. ಸಾಫ್ಟ್‌ವೇರಿಗೆ ಅಳುವ ಮಗಳನ್ನು ಅಮ್ಮ ಮೊದಲ ಸಲ ನೋಡಿದ್ದು.

ಗುರುವಾರ ಹನ್ನೊಂದಕ್ಕೆ ಅವಳು ಗುಂಡಿ ಒತ್ತಿದಳು. ಒಂದು ಪೆಟ್ಟಿಗೆಯೂ ಮೇಲೇಳಲಿಲ್ಲ. ಒಂಬೈನೂರು ಪುಟಗಳ ಟಿಪ್ಪಣಿಗಳು ಶಿಸ್ತಾಗಿ ಸಾಲುಗಟ್ಟಿದವು. ಕಚೇರಿಯೆಲ್ಲ ಚಪ್ಪಾಳೆ ತಟ್ಟಿತು. ಅವಳು ಮಾತ್ರ ಅವನು ಕೇಬಲ್ ಸುತ್ತಿ ಚೀಲಕ್ಕೆ ಹಾಕುವುದನ್ನೇ ನೋಡುತ್ತಿದ್ದಳು.

ಅವನು ಚೀಲ ಹೆಗಲಿಗೇರಿಸಿ, ಪೆನ್ ಡ್ರೈವೊಂದನ್ನು ಅವಳ ಮೇಜಿನ ಮೇಲಿಟ್ಟ.

"ನಿಮ್ಮ ಪ್ರತಿ ಇದರಲ್ಲಿದೆ. ಬೇರೆಲ್ಲೂ ಉಳಿಸಿಲ್ಲ. ಬರ್ತೀನಿ ಮೇಡಂ. ಮತ್ತೆ... ಶುಭವಾಗ್ಲಿ."

"ಏನಕ್ಕೆ?"

"ಮದುವೆಗೆ."

"ಯಾರ ಮದುವೆಗೆ?!"

ಅವನು ತಬ್ಬಿಬ್ಬಾದ. "ನಿಮ್ದೇ... ಹದಿನೇಳನೇ ಮ್ಯಾಕ್ರೋದಲ್ಲಿ ಬರೆದಿದ್ರಲ್ಲ. 'ಲೆಕ್ಚರರ್‌ಗೆ ಹ್ಞೂಂ ಅಂದೆ, ಇದೇ ಇಪ್ಪತ್ತನೇ ತಾರೀಕು ಮದುವೆ' ಅಂತ. ನಾಡಿದ್ದೇ ಇಪ್ಪತ್ತು."

"ಅಯ್ಯೋ ದೇವರೇ! ಅದು ಮೂರು ವರ್ಷದ ಹಿಂದಿನ ಮಾತು! ಆಮೇಲೆ ನಾನೇ ಬೇಡ ಅಂದೆ. ಅದನ್ನೂ ಬರೆದಿದ್ದೀನಿ!"

"ವರ್ಷ ಹಾಕಿರ್ಲಿಲ್ಲ..."

ಪಕ್ಕದ ಮೇಜಿನ ಗೆಳತಿ ಕಿಸಕ್ಕೆಂದಳು. ಊರಿಗೆಲ್ಲ ವರ್ಷ ಹಾಕಿ ಎಂದು ಪಾಠ ಹೇಳುವವಳು ತನ್ನ ಬಾಳಿನ ಟಿಪ್ಪಣಿಗೇ ವರ್ಷ ಹಾಕಿರಲಿಲ್ಲ!

"ಮುಂದೆ ಓದ್ಲಿಲ್ವಾ ನೀವು?"

"ಇಲ್ಲ. ಅಲ್ಲಿಂದಾಚೆ ಯಂತ್ರದ ಸಾಲು ಅಷ್ಟೇ ತಿದ್ದಿದೆ. ಇನ್ನೊಬ್ಬರನ್ನ ಮದುವೆ ಆಗೋರ ಮನಸ್ಸನ್ನ ಓದೋದು... ನನ್ನಿಂದಾಗ್ಲಿಲ್ಲ."

"ಯಾಕಾಗ್ಲಿಲ್ಲ?"

ಅವನ ಕಿವಿ ಕೆಂಪಾದದ್ದು ಅವಳಿಗೆ ಕಂಡಿತು. 'ಅಂದರೆ ನಿನ್ನೆಯ ಆ ಮೌನ... ಅದು ಬೇಸರವಲ್ಲ, ಸಂಕಟ!' ಅವನಿಗೆ ಇನ್ನೂ ಏನೂ ಗೊತ್ತಿಲ್ಲ. ಅವಳು ಸುಮ್ಮನಿದ್ದರೆ ಮಾನ ಉಳಿಯುತ್ತದೆ, ಅವನು ಮೆಟ್ಟಿಲಿಳಿದು ಹೋಗುತ್ತಾನೆ. ಮುಂದಿನ ತಿಂಗಳ ಮೊದಲ ಸೋಮವಾರ ಬೇರೆ ಯಾರೋ ಬರುತ್ತಾರೆ.

ಅವನು ಬಾಗಿಲ ಕಡೆ ತಿರುಗಿದ.

"ನಿಲ್ಲಿ!"

ಕೀಬೋರ್ಡುಗಳು ಮತ್ತೆ ಸುಮ್ಮನಾದವು. ಕೇಳುವವರು ಕೇಳಲಿ ಎಂದು ಅವಳು ಕುರ್ಚಿ ಸರಿಸಿ ಎದ್ದಳು.

"ಮೂವತ್ತನೇ ಮ್ಯಾಕ್ರೋದಿಂದ ಆಚೆಗೆ ಎಲ್ಲಾದ್ರಲ್ಲೂ... ನೀವೇ ಇದ್ದೀರಿ."

ಅವನ ಹೆಗಲಿನ ಚೀಲ ಜಾರಿ ನೆಲಕ್ಕೆ ಬಿತ್ತು.

"ನಾನಾ?"

"ಮತ್ತಿನ್ಯಾರು! ಎಂಟು ತಿಂಗಳಿಂದ ಪ್ರತಿ ತಿಂಗಳೂ ಸರಿ ಇರೋ ಯಂತ್ರಾನ ಸರಿ ಇಲ್ಲ ಅಂತ ತೋರಿಸ್ತಿದ್ದೆ ನಿಮಗೆ. ಅಷ್ಟೂ ಗೊತ್ತಾಗಲ್ವಾ?"

"ಗೊತ್ತಿತ್ತು," ಎಂದ ಅವನು ಮೆಲ್ಲಗೆ. "ಸರಿ ಇದೆ ಅಂತ ಗೊತ್ತಿದ್ರೂ ಒಂದೊಂದು ಗಂಟೆ ಕೂತು ನೋಡ್ತಿದ್ನಲ್ಲ... ಅದು ನಿಮಗೆ ಗೊತ್ತಾಗಲ್ವಾ?"

ಅವಳ ಕಣ್ಣು ತುಂಬಿ ಬಂತು. ಒಳಕೋಣೆಯಲ್ಲಿ ಸಂಪಾದಕರು ಯಾವತ್ತೂ ಇಲ್ಲದ ಕೆಮ್ಮು ಕೆಮ್ಮಿ ಬಾಗಿಲು ಮುಚ್ಚಿಕೊಂಡರು.

ಅವನು ಹತ್ತಿರ ಬಂದು ಪೆನ್ ಡ್ರೈವಿನ ಕಡೆ ನೋಡಿದ. "ಈಗ ಓದ್ಬಹುದಾ?"

"ಬೇಡ."

"ಯಾಕೆ?"

"ಕೂತ್ಕೊಳ್ಳಿ," ಎಂದಳು ಅವಳು, ಕಣ್ಣೊರೆಸಿಕೊಂಡು ಕುರ್ಚಿ ಎಳೆಯುತ್ತಾ. "ಬಾಯಲ್ಲೇ ಹೇಳ್ತೀನಿ."